ಮನೆಯವರೇ ವಿಲ್‌ನ ಎಕ್ಸಿಕ್ಯೂಟರ್ ಆದಾಗ: ಫೀಸ್ ತೆಗೆದುಕೊಳ್ಳಬೇಕಾ, ಬಿಡಬೇಕಾ?

ವಿಲ್‌ನಲ್ಲಿ ಎಕ್ಸಿಕ್ಯೂಟರ್, ಅಂದರೆ ವಿಲ್‌ನಲ್ಲಿ ಬರೆದಂತೆ ಎಲ್ಲ ನಡೆಸಿಕೊಡುವ ಹೊಣೆ ಹೊತ್ತವರು, ಅಂತ ನಿಮ್ಮ ಹೆಸರಿದೆ. ತೀರಿಕೊಂಡವರು ಅಪ್ಪನೋ, ಅಮ್ಮನೋ, ಚಿಕ್ಕಪ್ಪನೋ. ಆಸ್ತಿಯಲ್ಲಿ ನಿಮಗೂ ಪಾಲಿದೆ, ಒಡಹುಟ್ಟಿದವರಿಗೂ ಇದೆ. ಓಡಾಟ ಮಾತ್ರ ನಿಮ್ಮೊಬ್ಬರದೇ. ಆ ಕೆಲಸಕ್ಕೆ ಹಣ ತೆಗೆದುಕೊಳ್ಳಬಹುದಾ? ಕೇಳಿದರೆ "ಸ್ವಂತ ಅಪ್ಪನ ಕೆಲಸಕ್ಕೂ ಕೂಲಿನಾ?" ಅಂತ ಯಾರಾದರೂ ಅಂದುಬಿಡುತ್ತಾರೇನೋ ಅನ್ನುವ ಅಳುಕು. ಕೇಳದಿದ್ದರೆ ತಿಂಗಳುಗಟ್ಟಲೆ ಪಟ್ಟ ಪಾಡು ಯಾರ ಕಣ್ಣಿಗೂ ಬೀಳಲಿಲ್ಲವಲ್ಲ ಅನ್ನುವ ನೋವು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ತೆಗೆದುಕೊಂಡರೂ ತಪ್ಪಿಲ್ಲ, ಬಿಟ್ಟರೂ ತಪ್ಪಿಲ್ಲ. ಆದರೆ ಎರಡರಲ್ಲಿ ಯಾವುದು ಅನ್ನುವುದನ್ನು ಶುರುವಿನಲ್ಲೇ ತೀರ್ಮಾನ ಮಾಡಿ, ಪಾಲು ಇರುವ ಎಲ್ಲರಿಗೂ ಬರವಣಿಗೆಯಲ್ಲಿ ತಿಳಿಸಬೇಕು. ಕೊನೆಯ ಲೆಕ್ಕದ ಹಾಳೆಯಲ್ಲಿ ದಿಢೀರನೆ ಕಾಣಿಸುವ ಸಣ್ಣ ಮೊತ್ತ ತರುವಷ್ಟು ಮನಸ್ತಾಪವನ್ನು, ಮೊದಲೇ ಹೇಳಿ ತೆಗೆದುಕೊಂಡ ದೊಡ್ಡ ಮೊತ್ತ ತರುವುದಿಲ್ಲ.

ಹಣ ಯಾತಕ್ಕೆ ಅನ್ನುವುದು ಗೊತ್ತಿರಲಿ

ಎಕ್ಸಿಕ್ಯೂಟರ್ ಅಂದರೆ ಸಹಿ ಹಾಕುವವರು ಅಂತಷ್ಟೇ ತುಂಬಾ ಜನ ಅಂದುಕೊಂಡಿರುತ್ತಾರೆ. ನಿಜಕ್ಕೂ ಆಗುವ ಕೆಲಸ ಹೀಗಿದೆ. ಮೂಲ ವಿಲ್ ಹುಡುಕಬೇಕು. ಬೇಕಿರುವ ಕಡೆ ಕೋರ್ಟಿನಿಂದ ಪ್ರೊಬೇಟ್, ಅಂದರೆ ವಿಲ್ ಅಸಲಿ ಅನ್ನುವ ದೃಢೀಕರಣ, ತರಬೇಕು. ಬ್ಯಾಂಕ್ ಖಾತೆ, ಷೇರು, ವಿಮೆ, ಮನೆ, ವಾಹನ ಎಲ್ಲದರ ಪಟ್ಟಿ ಮಾಡಿ ಬೆಲೆ ಕಟ್ಟಿಸಬೇಕು. ಖಾಲಿ ಮನೆಗೆ ಬೀಗ, ವಿಮೆ, ರಿಪೇರಿ ನೋಡಿಕೊಳ್ಳಬೇಕು. ಸಾಲ ತೀರಿಸಬೇಕು, ಸತ್ತವರ ಕೊನೆಯ ವರ್ಷದ ತೆರಿಗೆ ರಿಟರ್ನ್ ಹಾಕಬೇಕು. ಆಮೇಲೆ ಪಾಲು ಹಂಚಿ, ಪೈಸೆ ಪೈಸೆಗೂ ಲೆಕ್ಕ ಒಪ್ಪಿಸಬೇಕು. ಭಾರತದ ಕಾನೂನಿನಲ್ಲಿ ಪ್ರೊಬೇಟ್ ಸಿಕ್ಕ ಆರು ತಿಂಗಳೊಳಗೆ ಆಸ್ತಿಪಟ್ಟಿಯನ್ನೂ ಒಂದು ವರ್ಷದೊಳಗೆ ಲೆಕ್ಕವನ್ನೂ ಕೋರ್ಟಿಗೆ ಕೊಡಬೇಕು ಅಂತಿದೆ.

ಇದರ ಜೊತೆಗೆ ಯಾರೂ ಬಾಯಿಬಿಟ್ಟು ಹೇಳದ ಇನ್ನೊಂದು ಭಾರವಿದೆ. ಸಾಲ ಕೊಟ್ಟವರಿಗೋ ತೆರಿಗೆ ಇಲಾಖೆಗೋ ಕೊಡಬೇಕಾದ್ದನ್ನು ಕೊಡದೆ ಮೊದಲೇ ಪಾಲು ಹಂಚಿಬಿಟ್ಟರೆ, ಆಮೇಲೆ ಆ ಹಣವನ್ನು ಎಕ್ಸಿಕ್ಯೂಟರ್ ತನ್ನ ಜೇಬಿನಿಂದಲೇ ಕಟ್ಟಬೇಕಾಗಿ ಬರಬಹುದು. ತಂಗಿ ಬೇಗ ಪಾಲು ಕೊಡು ಅಂತ ಒತ್ತಾಯ ಮಾಡಿದಳು ಅನ್ನುವುದು ಅಲ್ಲಿ ನೆಪವಾಗುವುದಿಲ್ಲ. ಹಾಗಾಗಿ ಫೀಸ್ ಅನ್ನುವುದು ಬರೀ ಕಳೆದ ಗಂಟೆಗಳ ಕೂಲಿ ಅಂತ ಅಂದುಕೊಳ್ಳಬೇಡಿ. ಹೊತ್ತುಕೊಂಡ ಹೊಣೆಯ ಬೆಲೆಯೂ ಅದರಲ್ಲಿ ಸೇರಿದೆ.

ಕಾನೂನು ಎಷ್ಟಕ್ಕೆ ಬಿಡುತ್ತದೆ?

ಇದು ಊರಿಂದೂರಿಗೆ ಬದಲಾಗುತ್ತದೆ. ಎಲ್ಲಕ್ಕಿಂತ ಮೊದಲು ವಿಲ್ಲನ್ನೇ ಓದಿ. ಫೀಸ್ ಕೊಡಬೇಕು ಅಂತಲೋ, ಕೊಡಕೂಡದು ಅಂತಲೋ ಬರೆದಿದ್ದರೆ ಸಾಮಾನ್ಯವಾಗಿ ಅದೇ ನಡೆಯುತ್ತದೆ. ಏನೂ ಬರೆಯದಿದ್ದಾಗ ಆಯಾ ದೇಶದ ಕಾನೂನು.

ಇಂಗ್ಲೆಂಡಿನ ಪದ್ಧತಿ ಬಿಗಿ. ವೃತ್ತಿಯವರಲ್ಲದ ಎಕ್ಸಿಕ್ಯೂಟರ್‌ಗೆ ವಿಲ್‌ನಲ್ಲಿ ಬರೆಯದ ಹೊರತು ಫೀಸ್ ಇಲ್ಲ. ಕೈಯಿಂದ ಹಾಕಿದ ಖರ್ಚು ಮಾತ್ರ ವಾಪಸ್. ವಯಸ್ಕ ಪಾಲುದಾರರೆಲ್ಲ ಒಪ್ಪಿದರೆ ಅಥವಾ ಕೋರ್ಟ್ ಅನುಮತಿ ಕೊಟ್ಟರೆ ದಾರಿ ಇದೆ. ಭಾರತದಲ್ಲಿ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 309ನೇ ಕಲಮು ಒಂದು ಮಿತಿ ಹಾಕುತ್ತದೆ: ಸತ್ತವರ ಆಸ್ತಿ ನೋಡಿಕೊಳ್ಳುವ ಸರ್ಕಾರಿ ಅಧಿಕಾರಿಯಾದ ಅಡ್ಮಿನಿಸ್ಟ್ರೇಟರ್ ಜನರಲ್‌ಗೆ ಗೊತ್ತುಮಾಡಿರುವ ದರಕ್ಕಿಂತ ಜಾಸ್ತಿ ಕಮಿಷನ್ನನ್ನು ಎಕ್ಸಿಕ್ಯೂಟರ್ ಇಟ್ಟುಕೊಳ್ಳುವಂತಿಲ್ಲ. ಕೆನಡಾದ ಒಂಟಾರಿಯೋದಲ್ಲಿ ಪಟ್ಟ ಶ್ರಮಕ್ಕೂ ಕಳೆದ ಸಮಯಕ್ಕೂ ನ್ಯಾಯವಾದ ಮೊತ್ತ ಅಂತ ಕಾನೂನು ಹೇಳುತ್ತದೆ. ಆಸ್ತಿಗೆ ಬಂದ ಹಣಕ್ಕೆ ಶೇ. 2.5, ಆಸ್ತಿಯಿಂದ ಹೋದ ಹಣಕ್ಕೆ ಶೇ. 2.5 ಅನ್ನುವುದು ಅಲ್ಲಿ ರೂಢಿಯ ಲೆಕ್ಕ. ಬ್ರಿಟಿಷ್ ಕೊಲಂಬಿಯಾದಲ್ಲಿ ಒಟ್ಟು ಮೌಲ್ಯದ ಶೇ. 5 ಗರಿಷ್ಠ. ಅಮೆರಿಕದ ಬಹಳಷ್ಟು ರಾಜ್ಯಗಳು 'ಸಮಂಜಸವಾದ ಮೊತ್ತ' ಅಂತ ಹೇಳಿ ಸುಮ್ಮನಾಗುತ್ತವೆ. ಕೆಲವು ಮಾತ್ರ ದರಪಟ್ಟಿಯನ್ನೇ ಕಾನೂನಿನಲ್ಲಿ ಬರೆದಿವೆ.

ಅಂಥ ದರಪಟ್ಟಿ ಹೇಗಿರುತ್ತದೆ ಅನ್ನುವುದಕ್ಕೆ ಕ್ಯಾಲಿಫೋರ್ನಿಯಾ ನೋಡಿ. ಮೊದಲ ಒಂದು ಲಕ್ಷ ಡಾಲರ್‌ಗೆ ಶೇ. 4, ಮುಂದಿನ ಒಂದು ಲಕ್ಷಕ್ಕೆ ಶೇ. 3, ಅದರ ಮುಂದಿನ ಎಂಟು ಲಕ್ಷಕ್ಕೆ ಶೇ. 2. ಹತ್ತು ಲಕ್ಷ ಡಾಲರ್ ಆಸ್ತಿಗೆ 23,000 ಡಾಲರ್ ಆಯಿತು. ಇಲ್ಲಿ ಒಂದು ವಿಷಯ ಗಮನಿಸಬೇಕು. ಆಸ್ತಿಯ ಮೇಲಿರುವ ಸಾಲವನ್ನು ಕಳೆಯದೆ ಈ ಲೆಕ್ಕ ಹಾಕುತ್ತಾರೆ. ಹತ್ತು ಲಕ್ಷದ ಮನೆಯ ಮೇಲೆ ಏಳು ಲಕ್ಷ ಸಾಲ ಇದ್ದರೂ ಫೀಸ್ 23,000 ಡಾಲರೇ. ಮಕ್ಕಳ ಕೈಗೆ ಬರುವುದು ಮೂರು ಲಕ್ಷದೊಳಗೆ, ಫೀಸ್ ಮಾತ್ರ ಹತ್ತು ಲಕ್ಷದ ಮೇಲೆ. ಕಾನೂನು ಬಿಟ್ಟಿದೆ ಅಂತ ಪೂರ್ತಿ ತೆಗೆದುಕೊಂಡರೆ ಮನೆಯವರಿಗೆ ಅದು ಹೇಗೆ ಕಾಣುತ್ತದೆ ಅಂತ ಯೋಚಿಸಿ.

ಮೊದಲ ಆಯ್ಕೆ: ಖರ್ಚು ಮಾತ್ರ, ಫೀಸ್ ಬೇಡ

ಮನೆಯವರಲ್ಲಿ ಇದೇ ಹೆಚ್ಚು. ಆಸ್ತಿ ಸರಳವಾಗಿದ್ದರೆ ಇದೇ ಒಳ್ಳೆಯದು ಕೂಡ. ಎರಡು ಬ್ಯಾಂಕ್ ಖಾತೆ, ಒಂದು ಮನೆ, ಸಾಲ ಇಲ್ಲ, ಜಗಳ ಇಲ್ಲ ಅಂದರೆ ಫೀಸಿನ ಮಾತೇ ಎತ್ತಬೇಕಾಗಿಲ್ಲ.

ಆದರೆ ಖರ್ಚನ್ನು ಬಿಟ್ಟುಕೊಡಬೇಡಿ. ಕೋರ್ಟ್ ಶುಲ್ಕ, ಬೆಲೆ ಕಟ್ಟುವವರ ಫೀಸ್, ಪ್ರಮಾಣಪತ್ರದ ಪ್ರತಿಗಳು, ಪ್ರಯಾಣ, ಖಾಲಿ ಮನೆಯ ಕರೆಂಟ್ ಬಿಲ್, ಇವೆಲ್ಲ ಆಸ್ತಿಯ ಖರ್ಚು. ಕೈಯಿಂದ ಹಾಕಿದ್ದನ್ನು ವಾಪಸ್ ಪಡೆಯುವುದಕ್ಕೂ ಸಂಭಾವನೆಗೂ ಸಂಬಂಧವಿಲ್ಲ. ಇದಕ್ಕೂ ದಾಕ್ಷಿಣ್ಯ ಮಾಡಿಕೊಂಡು ಕಳೆದುಕೊಂಡವರನ್ನು ನೋಡಿದಾಗ ನಿಜಕ್ಕೂ ಬೇಸರ ಆಗುತ್ತದೆ.

ಈ ದಾರಿಯ ತೊಂದರೆ ನಿಧಾನವಾಗಿ ಗೊತ್ತಾಗುತ್ತದೆ. ಮೊದಲ ತಿಂಗಳು "ನನಗೇನೂ ಬೇಡ" ಅನ್ನುವುದು ಸುಲಭ. ಹತ್ತನೇ ತಿಂಗಳಲ್ಲಿ, ಮನೆ ಇನ್ನೂ ಮಾರಾಟ ಆಗದೆ, ತಮ್ಮ ಫೋನ್ ಮಾಡಿ "ಇಷ್ಟು ದಿನ ಏನು ಮಾಡ್ತಿದ್ದೆ?" ಅಂತ ಕೇಳಿದಾಗ ಒಳಗೊಳಗೇ ಕುದಿಯಲು ಶುರುವಾಗುತ್ತದೆ. ಬಾಯಲ್ಲಿ ಬೇಡ ಅಂದು ಮನಸ್ಸಿನಲ್ಲಿ ಲೆಕ್ಕ ಇಟ್ಟುಕೊಳ್ಳುವವರಿಗೆ ಈ ಆಯ್ಕೆ ಒಗ್ಗುವುದಿಲ್ಲ. ನಿಮ್ಮ ಸ್ವಭಾವ ನಿಮಗೇ ಚೆನ್ನಾಗಿ ಗೊತ್ತಲ್ವಾ?

ಎರಡನೆಯದು: ಕಾನೂನು ಕೊಡುವಷ್ಟು ಪೂರ್ತಿ

ದರ ಕಾನೂನಿನಲ್ಲೇ ಇದ್ದರೆ ಚೌಕಾಸಿ ಇಲ್ಲ, ಅದು ಇದರ ಅನುಕೂಲ. ನೀವು ಪಾಲುದಾರರಲ್ಲದಿದ್ದರೆ, ಅಂದರೆ ಅಳಿಯನೋ ದೂರದ ಸಂಬಂಧಿಯೋ ಆಗಿ ಬರೀ ನಂಬಿಕೆಯಿಂದ ನಿಮ್ಮ ಹೆಸರು ಬರೆದಿದ್ದರೆ, ಇದೇ ನ್ಯಾಯ. ಯಾರದೋ ಹಣಕ್ಕಾಗಿ ನೀವು ಹೊಣೆ ಹೊತ್ತಿದ್ದೀರಿ. ಮುಜುಗರ ಬೇಡ. ಆಸ್ತಿಯಲ್ಲಿ ನಡೆಯುತ್ತಿರುವ ವ್ಯಾಪಾರ ಇದೆ, ಕೋರ್ಟ್ ಕೇಸ್ ಇದೆ, ಬೇರೆ ದೇಶದಲ್ಲಿ ಜಮೀನಿದೆ ಅಂದರೂ ಹೀಗೆಯೇ.

ಶೇಕಡಾ ಲೆಕ್ಕದ ದೋಷ ಏನೆಂದರೆ ಅದು ಕೆಲಸವನ್ನು ಅಳೆಯುವುದಿಲ್ಲ, ಆಸ್ತಿಯ ಗಾತ್ರವನ್ನು ಅಳೆಯುತ್ತದೆ. ಒಂದೇ ಖಾತೆಯಲ್ಲಿರುವ ದೊಡ್ಡ ಮೊತ್ತ ಒಂದು ಅರ್ಜಿಗೆ ಬಂದುಬಿಡುತ್ತದೆ. ಹರುಕು ದಾಖಲೆಗಳ ಸಣ್ಣ ಆಸ್ತಿ ಎರಡು ವರ್ಷ ತಿನ್ನುತ್ತದೆ. ಇನ್ನೊಂದು ವಿಷಯ: ಎಕ್ಸಿಕ್ಯೂಟರ್ ಮಾಡಬೇಕಾದ ಮಾಮೂಲಿ ಕೆಲಸವನ್ನೇ ವಕೀಲರಿಗೋ ಲೆಕ್ಕಪರಿಶೋಧಕರಿಗೋ ಆಸ್ತಿಯ ಹಣ ಕೊಟ್ಟು ಮಾಡಿಸಿದ್ದರೆ ನಿಮ್ಮ ಫೀಸಿನಲ್ಲಿ ಅಷ್ಟು ಕಡಿಮೆ ಮಾಡಿಕೊಳ್ಳಿ. ಒಂದೇ ಕೆಲಸಕ್ಕೆ ಆಸ್ತಿ ಎರಡು ಸಲ ದುಡ್ಡು ಕೊಡಬಾರದು.

ಮೂರನೆಯದು: ಕೂತು ಮಾತಾಡಿ ಗೊತ್ತುಮಾಡಿದ ಮೊತ್ತ

ಮನೆಯವರ ನಡುವೆ ನನಗೆ ಹೆಚ್ಚು ಇಷ್ಟವಾಗುವುದು ಇದೇ. ಗಂಟೆಗೆ ಇಷ್ಟು, ಒಟ್ಟು ಇಷ್ಟಕ್ಕಿಂತ ಮೀರುವುದಿಲ್ಲ ಅಂತ ಒಂದು ಮಿತಿ. ಗಂಟೆಯ ದರವನ್ನು ನಿಮ್ಮ ಉದ್ಯೋಗದ ಸಂಬಳಕ್ಕೆ ಹೋಲಿಸಬೇಡಿ. ಈ ಕೆಲಸವನ್ನು ಹೊರಗೆ ಮಾಡಿಸಿದರೆ ಎಷ್ಟಾಗುತ್ತಿತ್ತು ಅಂತ ನೋಡಿ, ಅದಕ್ಕಿಂತ ಕಡಿಮೆ ಇಡಿ. ಮಾಡಿದ ಕೆಲಸಕ್ಕೆ ತಕ್ಕ ಹಣ ಅನ್ನುವುದು ಎಲ್ಲರಿಗೂ ಅರ್ಥವಾಗುತ್ತದೆ. ಮಿತಿ ಇರುವುದರಿಂದ ಬೇಕಂತಲೇ ಎಳೆಯುತ್ತಿದ್ದಾರೆ ಅನ್ನುವ ಅನುಮಾನವೂ ಹುಟ್ಟುವುದಿಲ್ಲ.

ಇದಕ್ಕೆ ಎರಡು ಬೇಕು. ಎಲ್ಲರೂ ಕೂತು ಮಾತಾಡುವ ಸ್ಥಿತಿಯಲ್ಲಿ ಇರಬೇಕು. ನೀವು ದಿನಚರಿ ಇಡಬೇಕು. "ಬ್ಯಾಂಕ್ ಕೆಲಸ, 3 ಗಂಟೆ" ಅಂತ ಬರೆದರೆ ಸಾಲದು. "ಲಾಕರ್ ತೆರೆಯಲು ಅರ್ಜಿ ಕೊಟ್ಟೆ, ಮ್ಯಾನೇಜರ್ ಎದುರು ಪಟ್ಟಿ ಮಾಡಿದೆವು, ಅಕ್ಕ ಜೊತೆಗಿದ್ದಳು, 10ರಿಂದ 1ರವರೆಗೆ" ಅಂತಿರಬೇಕು. ಅವತ್ತೇ ಬರೆಯಿರಿ. ಎಂಟು ತಿಂಗಳ ಕೆಲಸವನ್ನು ಕೊನೆಗೆ ಒಂದೇ ರಾತ್ರಿ ಕೂತು ನೆನಪಿನಿಂದ ಬರೆದ ದಿನಚರಿಯನ್ನು ಯಾವ ಅಣ್ಣತಮ್ಮನೂ ನಂಬುವುದಿಲ್ಲ, ಕೋರ್ಟಂತೂ ನಂಬುವುದೇ ಇಲ್ಲ.

ವಿಲ್‌ನಲ್ಲೇ ಬರೆದಿಟ್ಟ ಹಣ, ಅಥವಾ ಹೊರಗಿನವರು

ವಿಲ್ ಬರೆಯುವವರು ಇನ್ನೂ ಇದ್ದು, ನಿಮ್ಮನ್ನು ಎಕ್ಸಿಕ್ಯೂಟರ್ ಮಾಡುತ್ತೇನೆ ಅಂತ ಕೇಳುತ್ತಿದ್ದರೆ ನೀವು ಅದೃಷ್ಟವಂತರು. ಫೀಸಿನ ವಿಷಯವನ್ನು ವಿಲ್‌ನಲ್ಲೇ ಒಂದು ಸಾಲು ಬರೆಯಲು ಹೇಳಿ. ಅಪ್ಪನೇ ಬರೆದಿಟ್ಟಿದ್ದು ಅಂದಾಗ ಯಾರೂ ಎದುರಾಡುವುದಿಲ್ಲ. ಆದರೆ ಕೆಲಸ ಮಾಡಿದ್ದಕ್ಕೆ ಅಂತ ಬಿಟ್ಟ ಹಣ ಕೆಲಸ ಒಪ್ಪಿಕೊಂಡರೆ ಮಾತ್ರ ಸಿಗುತ್ತದೆ ಅನ್ನುವುದು ನೆನಪಿರಲಿ. ಭಾರತದ ಕಾಯ್ದೆಯ 141ನೇ ಕಲಮು ಎಕ್ಸಿಕ್ಯೂಟರ್‌ಗೆ ವಿಲ್‌ನಲ್ಲಿ ಬಿಟ್ಟ ಹಣ, ಆಸ್ತಿಯ ಬಗ್ಗೆ ಹೀಗೆಯೇ ಹೇಳುತ್ತದೆ. ವಿಲ್ಲನ್ನು ಪ್ರೊಬೇಟ್ ಮಾಡಿಸಬೇಕು, ಇಲ್ಲವೇ ಎಕ್ಸಿಕ್ಯೂಟರ್ ಆಗಿ ನಡೆದುಕೊಳ್ಳುವ ಇಚ್ಛೆಯನ್ನು ಬೇರೆ ರೀತಿ ತೋರಿಸಬೇಕು.

ಮನೆಯಲ್ಲಿ ಈಗಾಗಲೇ ಮಾತುಕತೆ ನಿಂತಿದ್ದರೆ ಹೊರಗಿನ ವೃತ್ತಿಯವರಿಗೆ ಬಿಟ್ಟುಬಿಡುವುದೂ ಒಂದು ದಾರಿ. ದುಬಾರಿ. ಆದರೆ ವಿಲ್‌ನಲ್ಲಿ ಹೆಸರಿದ್ದ ಮಾತ್ರಕ್ಕೆ ಒಪ್ಪಲೇಬೇಕು ಅಂತಿಲ್ಲ, ಬಿಟ್ಟುಕೊಡಬಹುದು. ಕೆಲಸಕ್ಕೆ ಕೈ ಹಾಕುವ ಮೊದಲೇ ಬಿಟ್ಟುಕೊಡಬೇಕು. ಅರ್ಧ ದಾರಿಯಲ್ಲಿ ಕೈಬಿಡುವುದು ಕಷ್ಟ.

ತೆರಿಗೆಯ ಲೆಕ್ಕ: ಇಲ್ಲೇ ಬಹಳ ಜನ ಎಡವುವುದು

ಬಹಳಷ್ಟು ಕಡೆ ಪಿತ್ರಾರ್ಜಿತವಾಗಿ ಬಂದ ಪಾಲಿಗೆ ಆದಾಯ ತೆರಿಗೆ ಇಲ್ಲ. ಭಾರತದಲ್ಲಂತೂ ಎಸ್ಟೇಟ್ ಡ್ಯೂಟಿ (ಸತ್ತವರ ಆಸ್ತಿಯ ಮೇಲಿನ ತೆರಿಗೆ) ಕೂಡ 1985ರಲ್ಲೇ ರದ್ದಾಯಿತು. ಆದರೆ ಎಕ್ಸಿಕ್ಯೂಟರ್ ಫೀಸ್ ಆದಾಯ, ಅದಕ್ಕೆ ತೆರಿಗೆ ಇದೆ. ಅಂದರೆ ಒಂದೇ ಆಸ್ತಿಯ ಹಣ ಪಾಲಾಗಿ ಬಂದರೆ ಪೂರ್ತಿ ನಿಮ್ಮದು, ಫೀಸಾಗಿ ಬಂದರೆ ಒಂದು ಭಾಗ ಸರ್ಕಾರದ್ದು.

ಹಾಳೆ ತೆಗೆದುಕೊಂಡು ಒಂದು ಸಲ ಲೆಕ್ಕ ಹಾಕಿ ನೋಡೋಣ. ಆಸ್ತಿ 90 ಲಕ್ಷ. ಮೂವರು ಮಕ್ಕಳು, ಸಮಪಾಲು. ಫೀಸ್ ಇಲ್ಲದಿದ್ದರೆ ತಲಾ 30 ಲಕ್ಷ. ಎಕ್ಸಿಕ್ಯೂಟರ್ ಆದ ಹಿರಿಯ ಮಗಳು 3 ಲಕ್ಷ ಫೀಸ್ ತೆಗೆದುಕೊಂಡಳು ಅನ್ನಿ. ಉಳಿದ 87 ಲಕ್ಷ ಮೂರು ಭಾಗ ಆದರೆ ತಲಾ 29 ಲಕ್ಷ. ಅವಳಿಗೆ 29 ಪಾಲು, 3 ಫೀಸ್, ಒಟ್ಟು 32. ಫೀಸಿನಲ್ಲಿ ಒಂದು ಲಕ್ಷ ಅವಳ ಪಾಲಿನಿಂದಲೇ ಹೋಗಿದ್ದು, ಹೊಸದಾಗಿ ಬಂದದ್ದು 2 ಲಕ್ಷ. ಈಗ 3 ಲಕ್ಷಕ್ಕೂ ಶೇ. 30 ತೆರಿಗೆ ಅಂದರೆ 90,000. ನಿಜವಾಗಿ ಕೈಯಲ್ಲಿ ಉಳಿದದ್ದು 1 ಲಕ್ಷ 10 ಸಾವಿರ. ಅದಕ್ಕಾಗಿ ತಮ್ಮ, ತಂಗಿ ಇಬ್ಬರೂ ಸೇರಿ ಕಳೆದುಕೊಂಡದ್ದು 2 ಲಕ್ಷ.

ಅದೇ ಇಬ್ಬರೂ ಒಪ್ಪಿ, ಪಾಲು ಪಡೆದ ಮೇಲೆ ತಾವಾಗಿಯೇ ಖುಷಿಯಿಂದ ಅಕ್ಕನಿಗೆ ಒಂದಿಷ್ಟು ಕೊಟ್ಟಿದ್ದರೆ? ಅದನ್ನು ಕೆಲಸದ ಕೂಲಿ ಅಂತ ಕರಾರು ಮಾಡಿಕೊಂಡರೆ ಮತ್ತೆ ಆದಾಯವೇ ಆಗುತ್ತದೆ, ಹಾಗಾಗಿ ತೆರಿಗೆ ತಪ್ಪಿಸುವ ಉಪಾಯವಾಗಿ ಇದನ್ನು ನಾನು ಹೇಳುತ್ತಿಲ್ಲ. ಆದರೆ 3 ಲಕ್ಷ ಅಂತ ಕಾಗದದಲ್ಲಿ ಕಾಣುವುದು ಕೈಗೆ ಎಷ್ಟಾಗಿ ಬರುತ್ತದೆ ಅನ್ನುವುದನ್ನು ಮೊದಲೇ ತಿಳಿದಿರಬೇಕು. ಒಬ್ಬರೇ ವಾರಸುದಾರರಾಗಿದ್ದರಂತೂ ಫೀಸ್ ತೆಗೆದುಕೊಳ್ಳುವುದು ಬರೀ ನಷ್ಟ. ಎಡಗೈಯ ದುಡ್ಡನ್ನು ಬಲಗೈಗೆ ಹಾಕಿ ನಡುವೆ ತೆರಿಗೆ ಕಟ್ಟಿದ ಹಾಗೆ.

ಉಲ್ಟಾ ಆಗುವುದೂ ಉಂಟು. ಅಮೆರಿಕದಲ್ಲಿ ಬಹಳ ದೊಡ್ಡ ಆಸ್ತಿಗಳ ಮೇಲೆ ಕೇಂದ್ರದ ಎಸ್ಟೇಟ್ ತೆರಿಗೆ ಶೇ. 40ರವರೆಗೆ ಇದೆ. ಆ ತೆರಿಗೆ ಲೆಕ್ಕ ಹಾಕುವ ಮೊದಲು ಫೀಸನ್ನು ಆಸ್ತಿಯ ಬೆಲೆಯಿಂದ ಕಳೆಯಲು ಅವಕಾಶವಿದೆ. ನಿಮ್ಮ ಆದಾಯ ತೆರಿಗೆಯ ದರ ಎಸ್ಟೇಟ್ ತೆರಿಗೆಯ ದರಕ್ಕಿಂತ ಕಡಿಮೆ ಇದ್ದರೆ ಫೀಸ್ ತೆಗೆದುಕೊಳ್ಳುವುದೇ ಲಾಭ. ಅಲ್ಲಿ ಬೇಡ ಅನ್ನುವುದಕ್ಕೂ ಸಮಯ ಇದೆ. ತೆರಿಗೆ ಇಲಾಖೆ 1966ರಲ್ಲಿ ಕೊಟ್ಟ ವಿವರಣೆಯಂತೆ, ನೇಮಕವಾದ ಆರು ತಿಂಗಳೊಳಗೆ ಫೀಸ್ ಬೇಡ ಅಂತ ಬರೆದುಕೊಟ್ಟರೆ ಆ ಹಣವನ್ನು ನಿಮ್ಮ ಆದಾಯ ಅಂತಲೂ ನೀವು ಇತರರಿಗೆ ಕೊಟ್ಟ ಉಡುಗೊರೆ ಅಂತಲೂ ಲೆಕ್ಕ ಹಿಡಿಯುವುದಿಲ್ಲ. ಶುರುವಿನಲ್ಲೇ ತೀರ್ಮಾನ ಮಾಡಿ ಅಂತ ನಾನು ಒತ್ತಿ ಹೇಳುವುದಕ್ಕೆ ಇದೂ ಒಂದು ಕಾರಣ.

ಫೀಸ್ ಹೋಗುವುದು ಯಾರ ಪಾಲಿನಿಂದ?

ಸಮಪಾಲು ಇದ್ದರೆ ಸರಿ. ಆದರೆ ವಿಲ್‌ನಲ್ಲಿ "ಮನೆ ದೊಡ್ಡವನಿಗೆ, ಒಡವೆ ಮಗಳಿಗೆ, ಮಿಕ್ಕಿದ್ದು ಚಿಕ್ಕವನಿಗೆ" ಅಂತ ಇದ್ದರೆ? ಬೇರೆ ರೀತಿ ಬರೆಯದಿದ್ದಾಗ ಸಾಮಾನ್ಯವಾಗಿ ಸಾಲ, ಖರ್ಚು, ಫೀಸ್ ಎಲ್ಲ ಆ ಮಿಕ್ಕಿದ್ದರಿಂದಲೇ ಹೋಗುತ್ತದೆ. ಅಂದರೆ ದೊಡ್ಡವನ ಮನೆಯ ದಾಖಲೆ ಸರಿಮಾಡಲು ನೀವು ಆರು ತಿಂಗಳು ಓಡಾಡಿದರೂ ಅದರ ಫೀಸ್ ಕಟ್ಟುವುದು ಚಿಕ್ಕವನು. ಅವನಿಗೆ ಅನ್ಯಾಯ ಅನಿಸಿದರೆ ಅದರಲ್ಲಿ ತಪ್ಪೇನಿದೆ? ಇಂಥ ವಿಲ್ ಇದ್ದಾಗ ಫೀಸಿನ ಮಾತನ್ನು ಮೊದಲು ಚಿಕ್ಕವನ ಜೊತೆ ಆಡಿ. ಕೆಲಸದ ಲಾಭ ಯಾರಿಗೋ ಅವರು ಸ್ವಲ್ಪ ಭರಿಸಲಿ ಅಂತ ಒಪ್ಪಿಸಲು ನೋಡಿ.

ಮುಂಚಿನ ಸೇವೆಯನ್ನು ಇದಕ್ಕೆ ಸೇರಿಸಬೇಡಿ

ಇದನ್ನು ಹೇಳುವಾಗ ನನಗೆ ಸಂಕಟ ಆಗುತ್ತದೆ. ಅಮ್ಮನನ್ನು ವರ್ಷಗಟ್ಟಲೆ ನೋಡಿಕೊಂಡ ಮಗಳೇ ಎಷ್ಟೋ ಸಲ ಎಕ್ಸಿಕ್ಯೂಟರ್ ಕೂಡ ಆಗಿರುತ್ತಾಳೆ. ರಾತ್ರಿ ಎದ್ದು ಮಾತ್ರೆ ಕೊಟ್ಟವಳು ಅವಳು, ಆಸ್ಪತ್ರೆಯ ಬೆಂಚಿನ ಮೇಲೆ ಮಲಗಿದವಳು ಅವಳು. ಫೀಸ್ ತೆಗೆದುಕೊಳ್ಳುವಾಗ ಅವಳ ಮನಸ್ಸಿನಲ್ಲಿ ಇರುವುದು ಆ ವರ್ಷಗಳು. ಹಕ್ಕು ಕೇಳುವುದಕ್ಕೆ ಕಾರಣ ಇದೆ, ಆದರೆ ಈ ಜಾಗ ಅದಕ್ಕಲ್ಲ. ಎಕ್ಸಿಕ್ಯೂಟರ್ ಕೆಲಸ ಶುರುವಾಗುವುದೇ ಸಾವಿನ ನಂತರ. ಅದರ ಮುಂಚಿನ ಆರೈಕೆಯನ್ನು ಫೀಸಿನ ಹೆಸರಲ್ಲಿ ಸೇರಿಸಿದರೆ ದಿನಚರಿ ತಾಳೆಯಾಗುವುದಿಲ್ಲ, ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಅವಳ ಸೇವೆ ಗಂಟೆಗಳ ಚೌಕಾಸಿಗೆ ಇಳಿಯುತ್ತದೆ. ಒಡಹುಟ್ಟಿದವರ ಮುಂದೆ ಅದನ್ನು ಬೇರೆಯಾಗಿಯೇ ಇಡಿ. "ಅಮ್ಮನನ್ನು ನೋಡಿಕೊಂಡದ್ದಕ್ಕೆ ನನ್ನ ಪಾಲು ಸ್ವಲ್ಪ ಜಾಸ್ತಿ ಇರಲಿ" ಅಂತ ನೇರವಾಗಿ ಕೇಳಿದರೆ ಒಪ್ಪುವ ತಮ್ಮಂದಿರು ಇರುತ್ತಾರೆ. ಬೇರೆ ಹೆಸರಲ್ಲಿ ತೆಗೆದುಕೊಂಡರೆ ಅವರೂ ತಿರುಗಿ ಬೀಳುತ್ತಾರೆ.

ಹಾಗಾದರೆ ಯಾರಿಗೆ ಯಾವುದು?

ಒಬ್ಬರೇ ವಾರಸುದಾರರು, ಅಥವಾ ಆಸ್ತಿಯ ಬಹುಪಾಲು ನಿಮಗೇ: ಫೀಸ್ ಬೇಡ, ಖರ್ಚು ಮಾತ್ರ. ಸಮಪಾಲು, ಸರಳ ಆಸ್ತಿ, ಸಂಬಂಧ ಚೆನ್ನಾಗಿದೆ: ಬಿಟ್ಟುಬಿಡಿ, ಆದರೆ ಮನಸಾರೆ ಬಿಡಿ. ಸಮಪಾಲು, ಕೆಲಸ ಮಾತ್ರ ವಿಪರೀತ: ಮಾತಾಡಿ ಮೊತ್ತ ಗೊತ್ತುಮಾಡಿಕೊಳ್ಳಿ. ಪಾಲೇ ಇಲ್ಲ, ಅಥವಾ ತೀರಾ ಸಣ್ಣ ಪಾಲು: ಕಾನೂನು ಕೊಡುವಷ್ಟನ್ನು ತೆಗೆದುಕೊಳ್ಳಿ. ಇಬ್ಬರು ಎಕ್ಸಿಕ್ಯೂಟರ್ ಇದ್ದರೆ ಒಂದೇ ಫೀಸನ್ನು ಕೆಲಸಕ್ಕೆ ತಕ್ಕಂತೆ ಹಂಚಿಕೊಳ್ಳಿ. ಕ್ಯಾಲಿಫೋರ್ನಿಯಾದ ಕಾನೂನು ಹೇಳುವುದೂ ಇದನ್ನೇ.

ಕೆಲಸ ಬಿಟ್ಟು ರಜೆ ಹಾಕಬೇಕಾದವರು, ಸಂಬಳ ಕಳೆದುಕೊಳ್ಳುವವರು ಬಿಟ್ಟುಕೊಡುವ ಮೊದಲು ಎರಡು ಸಲ ಯೋಚಿಸಿ. ಉಳ್ಳವರಿಗೆ ಬೇಡ ಅನ್ನುವುದು ಸುಲಭ. ಕೈ ಬಿಗಿ ಇರುವವರು ದೊಡ್ಡತನ ತೋರಿಸಲು ಹೋಗಿ ಮನೆ ಬಾಡಿಗೆಗೆ ಪರದಾಡುವಂತಾಗಬಾರದು.

ತಿಳಿಸುವುದು ಹೇಗೆ

ಎದುರಾ ಎದುರು ಹೇಳಲು ಕಷ್ಟವಾದರೆ ಪತ್ರವೋ ಇಮೇಲೋ ಸಾಕು. ಹೀಗೆ ಬರೆಯಬಹುದು:

"ಅಪ್ಪನ ವಿಲ್‌ನ ಕೆಲಸ ಈ ವಾರ ಶುರು ಮಾಡುತ್ತಿದ್ದೇನೆ. ಮನೆ ಮಾರಾಟ, ಬ್ಯಾಂಕ್, ತೆರಿಗೆ ಎಲ್ಲ ಸೇರಿ ಸುಮಾರು ಒಂದು ವರ್ಷ ಹಿಡಿಯಬಹುದು. ಕೈಯಿಂದ ಹಾಕಿದ ಖರ್ಚನ್ನು ರಸೀದಿ ಇಟ್ಟು ಆಸ್ತಿಯಿಂದ ತೆಗೆದುಕೊಳ್ಳುತ್ತೇನೆ. ನನ್ನ ಸಮಯಕ್ಕೆ ಗಂಟೆಗೆ ಇಷ್ಟು ಅಂತ, ಒಟ್ಟು ಇಷ್ಟಕ್ಕೆ ಮೀರದಂತೆ ತೆಗೆದುಕೊಳ್ಳಬೇಕು ಅಂತಿದ್ದೇನೆ. ದಿನಚರಿಯನ್ನು ಮೂರು ತಿಂಗಳಿಗೊಮ್ಮೆ ಎಲ್ಲರಿಗೂ ಕಳಿಸುತ್ತೇನೆ. ನಿಮಗೆ ಇದು ಸರಿ ಕಾಣದಿದ್ದರೆ ಈಗಲೇ ಹೇಳಿ, ಮಾತಾಡೋಣ."

ಫೀಸ್ ಬೇಡ ಅಂತ ತೀರ್ಮಾನಿಸಿದರೂ ಬರೆಯಿರಿ. ಕೇಸು, ತಕರಾರು ಅಂತ ಕೆಲಸ ಬೆಳೆದರೆ ಮತ್ತೆ ಮಾತಾಡೋಣ ಅನ್ನುವ ಸಾಲನ್ನು ಸೇರಿಸುವ ಮೊದಲು ನಿಮ್ಮ ವಕೀಲರನ್ನು ಕೇಳಿ. ಕೆಲವು ಕಡೆ ಅಂಥ ಷರತ್ತು ಇದ್ದರೆ ತೆರಿಗೆಯ ದೃಷ್ಟಿಯಿಂದ ಅದು ಪೂರ್ತಿ ಬಿಟ್ಟುಕೊಟ್ಟಂತೆ ಆಗುವುದಿಲ್ಲ.

ಹಣ ಎತ್ತುವುದು ಮಾತ್ರ ಕೊನೆಗೆ. ಆಸ್ತಿಗೆ ಅಂತ ಬೇರೆ ಬ್ಯಾಂಕ್ ಖಾತೆ ಇರಲಿ, ಅದರಿಂದ ನಡುವೆ "ಮುಂಗಡ" ಅಂತ ತೆಗೆಯಬೇಡಿ. ನ್ಯೂಯಾರ್ಕ್‌ನಂಥ ಕಡೆ ಮುಂಗಡಕ್ಕೆ ಕೋರ್ಟಿನ ಅನುಮತಿಯೇ ಬೇಕು. ಅನುಮತಿ ಬೇಡದ ಕಡೆಯೂ, ಸಾಲ ಕೊಟ್ಟವರಿಗೆ ಕೊಡುವುದು ಬಾಕಿ ಇರುವಾಗ ತನಗೆ ಮೊದಲು ತೆಗೆದುಕೊಂಡ ಎಕ್ಸಿಕ್ಯೂಟರ್ ಮೇಲೆ ಯಾರಿಗೂ ನಂಬಿಕೆ ಉಳಿಯುವುದಿಲ್ಲ. ಕೊನೆಯ ಲೆಕ್ಕದಲ್ಲಿ ಖರ್ಚಿಗೆ ಒಂದು ಸಾಲು, ಫೀಸಿಗೆ ಇನ್ನೊಂದು ಸಾಲು. ಎರಡನ್ನೂ ಸೇರಿಸಿ "ಇತರೆ" ಅಂತ ಬರೆಯಬೇಡಿ. ಎಲ್ಲರೂ ನೋಡಿ ಸಹಿ ಹಾಕಿದ ಮೇಲೆ ಚೆಕ್ ಬರೆಯಿರಿ. ಪಾಲುದಾರರಲ್ಲಿ ಯಾರಾದರೂ ಅಪ್ರಾಪ್ತ ವಯಸ್ಸಿನವರಿದ್ದರೆ ಅವರ ಪರವಾಗಿ ದೊಡ್ಡವರು ಹೂಂ ಅಂದದ್ದು ಸಾಕಾಗದೆ ಹೋಗಬಹುದು. ಅಂಥ ಕಡೆ ಫೀಸಿಗೆ ಕೋರ್ಟಿನ ಒಪ್ಪಿಗೆ ಪಡೆದೇ ಮುಂದುವರಿಯಿರಿ.